ಚರಟ

ಬ್ಯಾಡಗಿ ಯಾರ್ಡಿನಾಗ ಮೊದಲು ಸೀನು, ಆಮ್ಯಾಲೆ ಮಾತು.
ಸೋಮವಾರ ಟೆಂಡರ್. ಕಡ್ಡಿ, ಡಬ್ಬಿ, ಚೀಲ ಬಿಚ್ಚಿದಂಗೆಲ್ಲಾ
ಗಾಳಿನೂ ಕೆಂಪಗ ಕಾಣತೈತಿ.
ಕೆಟ್ಲಿ ಹಿಡಕೊಂಡು ಹೊಂಟಾಕಿ ನಾನು
ಸೀನು ಕೇಳಿದ ಕಡೆ ನಿಂದ್ರತೀನಿ,
ಅಲ್ಲೇ ಗಿರಾಕಿ.

ಮೊದಲು ಹಾಲಿನ ಚಾನ ಮಾಡತಿದ್ದೆ.
ಮೆಣಸಿನಕಾಯಿ ಉರಿಗೆ ಹಾಲು ತಂಪು, ಖರೇ.
ಆದರ ಮಧ್ಯಾಹ್ನದೊಳಗ ಒಡೀತಿತ್ತು,
ಕೆನಿ ಮ್ಯಾಲ ಕೆಂಪು ಧೂಳು ಕುಂದ್ರತಿತ್ತು.
ಗುರಶಿದ್ದವ್ವ ಒಂದಿನ ಗ್ಲಾಸು ವಾರಿ ಮಾಡಿ ನೋಡಿ
"ಇದೇನ ಚಾನೋ, ಸಾರೋ?" ಅಂದಳು.
ಅವತ್ತಿಂದ ಕರೇ ಚಾ.
ನೀರು, ಪುಡಿ, ಜಜ್ಜಿದ ಶುಂಠಿ,
ಲಿಂಬಿಹಣ್ಣು ಇದ್ದರ ಇತ್ತು,
ಬೆಲ್ಲ ಕೇಳಿದವರಿಗಷ್ಟ.

ತುಂಬು ಬಿಡಿಸಿ ಬಿಡಿಸಿ ಉರಿಯೋ ಬೆರಳಿಗೆ
ಬಿಸಿ ಗ್ಲಾಸು ಇನ್ನೊಂದು ಉರಿ.
ಸೆರಗಿನ ಚುಂಗಿನಾಗ ಹಿಡೀತಾರ,
ಊದತಾರ, ಕುಡೀತಾರ,
ಗಂಟಲಾಗ ಸಿಕ್ಕೊಂಡಿದ್ದ ದಿನಾ ಒಂದೀಟು ಸಡಲತೈತಿ.

ಹೋದ ವಾರ ಸರಕಾರಿ ದವಾಖಾನಿ ಸಿಸ್ಟರು ಬಂದು
ಎಲ್ಲಾರ ಬಿಪಿ ನೋಡಿ, ನನ್ನ ಕೆಟ್ಲೀನೂ ನೋಡಿ
"ಹಾಲಿಲ್ಲದ್ದು ಚಲೋ," ಅಂದರು.
"ಹೃದಯಕ್ಕ ಚಲೋ. ಸಕ್ಕರಿ ಇಲ್ಲದಿದ್ದರ ಇನ್ನೂ ಚಲೋ.
ಆದರ ಉಂಡ ಕೂಡಲೇ ಬ್ಯಾಡ,
ಊಟದಾಗಿನ ಕಬ್ಬಿಣ ಮೈಗೆ ಹತ್ತೂದಿಲ್ಲ."
ಮೌಲಾಬಿ ತಲಿ ಎತ್ತದ ಕೇಳಿದಳು:
"ಉಣ್ಣದ ಕುಡದರ ನಡೀತೈತೇನ್ರಿ?"
ಎಲ್ಲಾರೂ ನಕ್ಕರು, ನಕ್ಕು ಕೆಮ್ಮಿದರು.
ಸಿಸ್ಟರಿಗೂ ಘಾಟು ಹತ್ತಿತು.
ಬಿಪಿ ಮಶಿನ್ನು ಸುತ್ತಿಟ್ಟು, ಒಂದು ಗ್ಲಾಸು ಕುಡದು
ಐದು ರೂಪಾಯಿ ಕೊಟ್ಟೇ ಹೋದರು.

ಅವರಿಗೆ ನಾ ಹೇಳದ ಮಾತೊಂದೈತಿ.
ಸಂಜಿಮುಂದ ತಕ್ಕಡಿ ನಿಂತ ಮ್ಯಾಲ
ಕೆಟ್ಲಿ ತಳದಾಗ ಉಳದ ಚರಟ
ಹಿಂಡಿ, ಅರಿವಿ ತುಣುಕಿನಾಗ ಕಟ್ಟಿ
ದಿನಕ್ಕೊಬ್ಬರಿಗೆ ಕೊಡತೀನಿ,
ರಾತ್ರಿ ಕಣ್ಣಿನ ಮ್ಯಾಲ ಇಟಗೊಂಡು ಮಲಗಾಕ.
ಉರಿ ಹೋಗತೈತೋ ಇಲ್ಲೋ, ಡಾಕ್ಟರು ಹೇಳಬೇಕು.
ಥಣ್ಣಗಂತೂ ಆಕ್ಕತಿ, ಅಂತಾರ.
ಅದಕ್ಕೂ ಪಾಳಿ. ಪಾಳಿಗೆ ಜಗಳ.

ಮೊನ್ನೆ ಹೊನ್ನವ್ವನ ಪಾಳಿ. ಆಕಿ ಬರಲಿಲ್ಲ.
ಗಂಟು ನನ್ನ ಉಡಿಯಾಗ ಉಳೀತು.
ಹದಿನಾರು ವರ್ಷ ಚಾ ಮಾರೇನಿ,
ನನ್ನ ಕಣ್ಣಿಗೆ ಒಂದಿನಾನೂ ಇಟ್ಟಿರಲಿಲ್ಲ.
ದೀಪ ಆರಿಸಿ ಇಟಗೊಂಡೆ.
ರೆಪ್ಪಿ ಮ್ಯಾಲ ಭಾರ, ಮೂಗಿಗೆ ಒಗರು ವಾಸನಿ.
ಕಿವಿತನಾ ಇಳದು ಬಂತೊಂದು ಹನಿ,
ಬೆರಳಿಲೆ ಒರಸಿ ನಾಲಿಗಿಗೆ ಹಚ್ಚಿದೆ:
ಚಾ ಅಲ್ಲ.
ಖಾರ.

ಮುಂಜಾನೆ ತಲಿದಿಂಬಿನ ಮ್ಯಾಲ ಎರಡು ಕಂದು ಕಲಿ.
ಯಾರ್ಡಿಗೆ ಬರೂದಕ್ಕ ಹೊನ್ನವ್ವ ಅಡ್ಡ ನಿಂತಳು,
ಸೀನಲಿಲ್ಲ, ನಗಲಿಲ್ಲ:
"ನನ್ನ ಪಾಳಿ ಎಲ್ಲೈತಿ?"