ದಿಂಬು ನುಂಗಿದ ಡ್ರಮ್ಮು

ಬೇಸ್ ಡ್ರಮ್ಮಿನ ಹೊಟ್ಟೆಯೊಳಗೊಂದು ದಿಂಬಿದೆ.
ಬರಿದೆ ಒದ್ದರೆ ಡ್ರಮ್ಮು ಖಾಲಿ ಕೊಡದ ಹಾಗೆ ಬೊಬ್ಬಿಡುತ್ತದೆ,
ದಿಂಬು ತುರುಕಿದರೆ ಮಾತು ಗಟ್ಟಿ, ಮಾತು ಗಿಡ್ಡ.
ಬೂರುಗದ ಹತ್ತಿ. ರೆಜಿನಾ ತವರಿಂದ ತಂದದ್ದು,
ಮದುವೆಯಾದ ವರ್ಷ ಜೋಡಿ ಇತ್ತು.
ಒಂದು ಮಂಚದ ಮೇಲಿದೆ. ಇನ್ನೊಂದನ್ನು
ಇಪ್ಪತ್ತೆರಡು ವರ್ಷದಿಂದ ಒದೆಯುತ್ತಿದ್ದೇನೆ.

ಶುಕ್ರವಾರ ಯಾದವಗಿರಿಯ ಹೋಟೆಲಿನಲ್ಲಿ ನಾನು ಡ್ರಮ್ಮರು.
ಬ್ಯಾಂಡಿನ ಹೆಸರು ಮೊಹಲ್ಲಾ ಸಿಕ್ಸ್; ಇರುವುದು ನಾಲ್ಕೇ ಜನ.
ಅಲ್ಲಿ ಬ್ರಷ್ಷಿನಲ್ಲೇ ಬಾರಿಸಬೇಕು, ಸೂಪು ಕುಡಿಯುವವರ
ಚಮಚದ ಸದ್ದಿಗಿಂತ ಒಂದು ಗೆರೆ ಕೆಳಗೆ.
ಮ್ಯಾನೇಜರು ಕಂಬದ ಹಿಂದೆ ನಿಂತು ಅಂಗೈ ಆಡಿಸುತ್ತಾನೆ:
ಇನ್ನೂ ಮೆತ್ತಗೆ, ಇನ್ನೂ ಮೆತ್ತಗೆ.

ಶನಿವಾರ ಚೋಟಾ ಹಾತಿ ಹತ್ತಿದರೆ ನಾನು ಬೇಸ್ ಗಿಟಾರಿನವನು.
ಮಂಡ್ಯದ ಕಡೆಯ ಆರ್ಕೆಸ್ಟ್ರಾಗಳಿಗೆ ಪ್ಯಾಡಿನ ಹುಡುಗರು ಬಂದ ಮೇಲೆ
ಡ್ರಮ್ಮಿನವನ ಜಾಗ ಒಂದು ಸ್ಟೂಲಿನಷ್ಟಾಯಿತು.
ತಟ್ಟೆಯಗಲದ ರಬ್ಬರಿನೊಳಗೆ ತಮಟೆ, ಡೋಲು, ಗುಡುಗು, ಕುದುರೆ.
ನನ್ನ ಸೆಟ್ಟಿನಲ್ಲಿ ಬೇಸ್ ಡ್ರಮ್ಮೊಂದೇ ಈಗ ಜೊತೆಗೆ ಬರುವುದು,
ಎದೆಗೆ ಬಡಿಯಬೇಕಲ್ಲ ಅಲ್ಲಿಯವರಿಗೆ.
ನಲವತ್ತು ದಾಟಿ ನಾಲ್ಕು ತಂತಿ ಕಲಿತೆ.
ಕಾಲಿಗೆ ಗೊತ್ತಿದ್ದದ್ದನ್ನು ಬೆರಳಿಗೆ ಹೇಳಿಕೊಟ್ಟೆ, ಅಷ್ಟೆ.

ತಂತಿ ಮಂಕಾದರೆ ಹೊಸದು ತರುವ ಹಾಗಿಲ್ಲ;
ಒಂದು ಸೆಟ್ಟಿಗೆ ಎರಡು ಪ್ರೋಗ್ರಾಮಿನ ದುಡ್ಡು.
ಬಿಚ್ಚಿ, ಸುರುಳಿ ಸುತ್ತಿ, ನೀರಿನಲ್ಲಿ ಕುದಿಸುತ್ತೇನೆ.
ಬೆವರು, ಜಿಡ್ಡು, ಹೋದ ಸೀಸನ್ನಿನ ಮದುವೆಗಳೆಲ್ಲ
ಕಂದು ನೊರೆಯಾಗಿ ಮೇಲೆ ಬರುತ್ತವೆ.
"ಏನ್ರೀ ಇವತ್ತು ಸಾರು?" ಅಂದಳು ಒಮ್ಮೆ ಪಕ್ಕದ ಮನೆ ಶಾಹೀನಾ.
"ಈ ಮನೇಲಿ ಶಾವಿಗೇನೂ ಕಬ್ಬಿಣದ್ದೇ" ಅಂದಳು ರೆಜಿನಾ.

ಕೆ.ಎಂ. ದೊಡ್ಡಿ ಹತ್ತಿರದ ಊರು. ಹೆಸರು ಮರೆತೆ.
ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ ತಲುಪಿದಾಗ ಎಂಟೂವರೆ,
ಸೀರಿಯಲ್ ಲೈಟಿನ ಕಾವಿಗೆ ಗಣೇಶ ಆಗಲೇ ಬೆವರಿದ್ದ.
ಮೂರನೇ ಹಾಡಿಗೆ ಕೆಳಗಿಂದೊಬ್ಬ ಕೂಗಿದ:
"ಅಣ್ಣೋ, ಆ ಗಿಟಾರು ನುಡಿಸ್ತಿದ್ದೀಯೋ,
ಸುಮ್ಕೆ ತಗಲಾಕ್ಕಂಡು ನಿಂತಿದ್ದೀಯೋ?
ಒಸೀನೂ ಕೇಳಾಕಿಲ್ವಲ್ಲ!"
ಎಲ್ಲ ನಕ್ಕರು. ಪ್ಯಾಡಿನ ಮರಿಸ್ವಾಮಿಯೂ.
ನಾನೂ ನಕ್ಕು ಅದೇ ನಾಲ್ಕು ಸ್ವರಕ್ಕೆ ವಾಪಸು ಹೋದೆ.

ಆಮೇಲೆ ಬಂದಳು ಪುರಿ ಮಾರುವ ಮುದುಕಿ,
ಸ್ಪೀಕರಿನ ಪಕ್ಕ ಮೊರ ಹರವಿಕೊಂಡಿದ್ದವಳು:
"ನಿನ್ನ ಪೆಟ್ಟಿಗೇನ ಆ ಕಡೀಕೆ ತಿರುಗ್ಸು ಮಗ,
ನನ್ನ ಪುರಿ ನಿಂತ್ಕಡೆ ನಿಲ್ತಿಲ್ಲ."
ಬಗ್ಗಿ ನೋಡಿದೆ. ದಪ್ಪ ತಂತಿ ಮಿಡಿದಾಗೆಲ್ಲ
ಮೊರದ ತುಂಬ ಪುರಿ ಎದ್ದು ಕೂತು, ಎದ್ದು ಕೂತು,
ಕಡಲೆ ಮಾತ್ರ ದೊಡ್ಡ ಮನುಷ್ಯರಂತೆ ಅಲ್ಲಾಡದೆ.
ಪೆಟ್ಟಿಗೆ ತಿರುಗಿಸಲು ಎರಡು ಹಾಡು ತಡಮಾಡಿದೆ.
ಮುದುಕಿ ಕ್ಷಮಿಸಲಿ.

ರಾತ್ರಿ ಒಂದಕ್ಕೆ ಲೆಕ್ಕ. ಚಂದಾ ಕಮ್ಮಿಯಾಯಿತಂತೆ.
ಅಧ್ಯಕ್ಷ ಆಲೆಮನೆಯವನು, ಅರ್ಧ ದುಡ್ಡು ಎಣಿಸಿ
ಮಿಕ್ಕಿದ್ದಕ್ಕೆ ಅಚ್ಚು ಬೆಲ್ಲ ಕೊಟ್ಟ, ಇನ್ನೂ ಬಿಸಿ ಆರದ್ದು.
ಗಾಡಿಯಲ್ಲಿ ಜಾಗವಿಲ್ಲ. ಡ್ರಮ್ಮಿನ ಮುಂದಿನ ತೂತಿನಿಂದ
ದಿಂಬು ಎಳೆದು ತಲೆಗಿಟ್ಟುಕೊಂಡು
ಆ ಹೊಟ್ಟೆಗೆ ಬೆಲ್ಲ ತುಂಬಿದೆ.
ಶ್ರೀರಂಗಪಟ್ಟಣ ದಾಟುವವರೆಗೂ ಎಚ್ಚರವಿದ್ದೆ:
ಅಷ್ಟು ವರ್ಷ ಒದೆ ತಿಂದ ದಿಂಬಿಗೆ ಒಂದು ಕಡೆ ಗುಳಿ,
ನನ್ನ ಕಿವಿಗೇ ಅಳತೆ ತೆಗೆದ ಹಾಗಿತ್ತು.

ಮತ್ತೆ ಶುಕ್ರವಾರ. ಬಿಳಿ ಮೇಜುಬಟ್ಟೆ, ಬ್ರಷ್ಷು.
ಬೆಲ್ಲ ಎಂದೋ ಅಡುಗೆಮನೆ ಸೇರಿತ್ತು;
ಇರುವೆಗಳಿಗೆ ಆ ಸುದ್ದಿ ಮುಟ್ಟಿರಲಿಲ್ಲ.
ನಿಧಾನದ ಹಾಡಿನ ನಡುವೆ ಗಾಳಿತೂತಿನಿಂದ ಸಾಲೊಂದು ಹೊರಟು
ಪೆಡಲಿನ ಚೈನು ಬಳಸಿ ನನ್ನ ಪಾದದಡಿ ಹಾದಿ ಹಿಡಿಯಿತು.
ಎತ್ತಿದ ಕಾಲು ಇಳಿಸಲಾಗಲಿಲ್ಲ.
ಒಂದು ಬೀಟು ಹೋಯಿತು. ಇನ್ನೊಂದು.
ಬೇಸ್ ಹಿಡಿದ ಚೌರಪ್ಪ ತಿರುಗಿ ನೋಡಿ, ಏನೂ ಕೇಳದೆ,
ನನ್ನ ಕಾಲಿನ ಏಟುಗಳನ್ನೂ ತಾನೇ ನುಡಿಸಿದ.
ಕಂಬದ ಹಿಂದೆ ಮ್ಯಾನೇಜರು, ಮೊದಲ ಸಲ,
ಹೆಬ್ಬೆರಳು ಎತ್ತಿ ತೋರಿಸಿದ.