ಗುರು, ಮೈನಸ್ ಹನ್ನೆರಡು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ತೂಕದ ಚೀಟಿ ಹೊಡೆಯುವ ಕೆಲಸ ನನ್ನದು.
ಮಾನಿಟರಿಗೆ ನೀಲಿ ಹೋಗಿ ವರ್ಷವಾಯಿತು;
ಆಕಾಶ ತೋರಿಸುವ ತಂತ್ರಾಂಶ ತೆರೆದರೆ
ಚುಕ್ಕಿಗಳೆಲ್ಲ ಅರಿಶಿನ ಹಚ್ಚಿದ ಅಕ್ಷತೆ ಕಾಳು.

ದಿಲ್ಶಾದ್‌ಬಿಗೆ ಅದೂ ಬೇಡ.
ನಲವತ್ತು ಕೆಜಿ ಲಾಟಿನ ಚೀಟಿ ಅಲ್ಲಾಡಿಸಿ
"ನಮ್ಮ ಮುಬೀನಾ ಕೇಳ್ತಾಳೆ ಸಾರ್, ಗುರು ಗ್ರಹ
ಸಂಜೆ ಏಳಕ್ಕೆ ಎಲ್ಲಿರ್ತದೆ ಅಂತ.
ನಿಮ್ಮ ಚಿತ್ರ ನಾನು ಮನೆಗೆ ಹೊತ್ಕೊಂಡು ಹೋಗಕ್ಕಾಗ್ತದಾ?
ಇಂಥದ್ರಲ್ಲಿ ಬರಲ್ವಾ?" ಅಂದಳು.

ಹೌದಲ್ಲ.
ಕಿಟಕಿಯೇ ತೆರೆಯದೆ ಆಕಾಶ ಹೇಳುವುದು.

ಮೂರು ರಾತ್ರಿ ಅದರ ಒಳಗನ್ನು ಕೆದಕಿದೆ.
ಯಾರೋ ಎಲ್ಲೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಕೋಡು,
ಎಂಬತ್ತು ಸಾವಿರ ಸಾಲು,
ಬಹುಪಾಲು ಬಣ್ಣದ ಕೆಲಸ:
ಸಂಜೆಗೆಂಪು, ಮಂಜು, ಹಾಲುಹಾದಿಯ ಮಸುಕು,
ನೋಡಲು ಚಂದವಿರಲೆಂದು
ಅಡಿಗೊಂದು ಹಸಿರು ನೆಲ.

ನನಗೆ ಬೇಕಿದ್ದದ್ದು ಎಳೆಯ ತುದಿ.
ಬೆಂದ ಗೂಡುಗಳ ಮೇಲೆ ಕುಂಚ ಆಡಿಸುತ್ತ
ದಿಲ್ಶಾದ್‌ಬಿ ದಿನಕ್ಕೆ ಸಾವಿರ ಸಲ ಹುಡುಕುತ್ತಾಳಲ್ಲ, ಅಂಥದ್ದು.
ಸಿಕ್ಕಿತು, ಬಣ್ಣ ಬಳಿಯುವುದಕ್ಕೆ ಒಂದೇ ಸಾಲು ಮೊದಲು.
ಎತ್ತರ ಇಷ್ಟು, ದಿಕ್ಕು ಇಂಥದ್ದು,
ಅದಕ್ಕೆ ಎಲ್ಲ ಗೊತ್ತಿತ್ತು;
ಬಾಯಿಬಿಟ್ಟು ಹೇಳು ಎಂದು ಯಾರೂ ಕೇಳಿರಲಿಲ್ಲ ಅಷ್ಟೆ.

ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪು ಮಾಡಿದೆ:
ಊರಿನ ಅಕ್ಷಾಂಶ, ರೇಖಾಂಶ, ಗಂಟೆ,
ಕೊನೆಗೆ ಎರಡು ಗೀಟೆಳೆದು 'ಪಟ್ಟಿ'.
ಮೊದಲ ಸಲ ಗ್ರಹಗಳ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆ.
ಎರಡನೇ ಸಲ ಉದ್ದಕ್ಕೂ ಸೊನ್ನೆ.
ಮೂರನೇ ಸಲ ತೂಕದ ಪ್ರಿಂಟರು ಕಿರ್ರೆಂದಿತು:

ಶುಕ್ರ 31 ಪಶ್ಚಿಮ
ಮಂಗಳ 58 ದಕ್ಷಿಣ
ಗುರು -12 ಪೂರ್ವ
ಒಟ್ಟು ಕೆಜಿ

ಆ ಕೊನೇ ಸಾಲು ತೆಗೆಯಲು ಮರೆತಿದ್ದೆ.
"ಶುಕ್ರ ಮೂವತ್ತೊಂದು ಕೆಜಿನಾ? ಯಾವ ಊರಿನ ಲಾಟು?"
ತಕ್ಕಡಿಯ ನಾರೆಪ್ಪ ಇಡೀ ಬೆಳಗ್ಗೆ ನಕ್ಕ.

ದಿಲ್ಶಾದ್‌ಬಿ ನಗಲಿಲ್ಲ. ಬಿಸಿನೀರಿಗೆ ಬಿಳಿಚಿದ ಬೆರಳು
ಗುರುವಿನ ಮುಂದೆ ನಿಂತಿತು. "ಈ ಗೀಟು ಯಾಕೆ?"
ಇನ್ನೂ ಹುಟ್ಟಿರಲ್ಲ ಆಗ. ನೆಲದ ಕೆಳಗಿರುತ್ತೆ.
"ಕೆಳಗಿದ್ರೂ ಲೆಕ್ಕಕ್ಕೆ ತಗೊಳ್ತದಾ?"

ಚಿತ್ರದಲ್ಲಾದರೆ ಆ ಹಸಿರು ನೆಲ ಮುಚ್ಚಿಬಿಡುತ್ತಿತ್ತು.
ಇಷ್ಟು ವರ್ಷ ಅರ್ಧ ಆಕಾಶ ನೋಡಿ
ಪೂರ್ತಿ ಅಂದುಕೊಂಡಿದ್ದವನು
ತಡವರಿಸಿ ಹೇಳಿದೆ: ತಗೊಳ್ಳುತ್ತೆ.

ಮಾರನೇ ದಿನ ಬಂದವಳು ಸೆರಗಿನ ಗಂಟು ಬಿಚ್ಚಿದಳು.
ಚೀಟಿ ಕಾದ ಬಾಣಲೆಯ ಅಂಚಿಗೆ ತಾಗಿ
ಒಂದಕ್ಷರ ಉಳಿಯದೆ ಕಪ್ಪಾಗಿತ್ತು.
ಅಷ್ಟರಲ್ಲಿ ಮುಬೀನಾ ಓದಿಯಾಗಿತ್ತಂತೆ;
ಮೈನಸ್ಸು ಕರಗುವವರೆಗೆ
ಪೂರ್ವಕ್ಕೆ ಮುಖಮಾಡಿ ನಿಂತಿದ್ದಳಂತೆ.
ಎಂಟಕ್ಕೆ ಬಂತಂತೆ, ಚರಕದ ಶೆಡ್ಡಿನ ತಗಡಿನ ಮೇಲೆ.

"ಇವತ್ತಿಂದು ಹೊಡೀರಿ ಸಾರ್,
ಕೆಳಗಿರೋವೂ ಎಲ್ಲ ಬರಲಿ."