ಹನ್ನೆರಡರಲ್ಲಿ ಐದು

ತಾರ್ತುವಿನ ಹೊಳೆ ಹೆಪ್ಪುಗಟ್ಟಿದ ವಾರ
ಉರ್ಮಸ್ ಲೆಪಿಕ್‌ನ ಎದುರು ಕೂತು
ಹನ್ನೆರಡು ಪದ ಓದುತ್ತೇನೆ, ಸೆಕೆಂಡಿಗೊಂದು:
ಸುತ್ತಿಗೆ, ಪ್ಲಮ್, ಪರದೆ, ಕತ್ತೆ...
ಅವನು ಐದನ್ನು ಹಿಂದಿರುಗಿಸುತ್ತಾನೆ,
ಅಂಗಡಿ ಸಾಲ ತೀರದವನ ಹಾಗೆ ತಲೆ ತಗ್ಗಿಸಿ.

"ದನಿಗಳು ಹೋದವು ಡಾಕ್ಟರೇ, ಹಳೇ ಗುಳಿಗೆಗೇ ಹೋದವು.
ಹೋಗುವಾಗ ಏನನ್ನೋ ಎತ್ತಿಕೊಂಡು ಹೋದವು.
ಸೂಪಿಗೆ ನೀರಿಟ್ಟು ನಿಂತೇ ಇರುತ್ತೇನೆ,
ಮುಂದೇನು ಅಂತ
ಒಲೆಯೇ ಹೇಳಬೇಕು."

ಸ್ಕಿಜೋಫ್ರೇನಿಯ ಅಂದರೆ ಬರೀ ದನಿ ಅಂದುಕೊಂಡವರು
ಈ ಒಲೆಯ ಮುಂದೆ ನಿಂತವರಲ್ಲ.

ಹೊಸ ಗುಳಿಗೆ ಬಿಳಿ. ಹುಸಿ ಗುಳಿಗೆಯೂ ಬಿಳಿ.
ಅವನ ಪಾಲಿಗೆ ಯಾವುದು ಬಂತೋ
ಅವನಿಗೂ ಗೊತ್ತಿಲ್ಲ, ನನಗೂ ಇಲ್ಲ;
ಗೊತ್ತಿರುವ ಕಂಪ್ಯೂಟರಿಗೆ ಬಾಯಿಲ್ಲ.

ಹದಿನಾರನೇ ವಾರ ಹನ್ನೊಂದು ಹೇಳಿದ.
ನನ್ನ ಪೆನ್ನು ನಿಂತಿತು. ಹೇಗೆ ಅಂತ ಕೇಳಬಾರದು, ನಿಯಮ.
ಅವನೇ ಅಂದ: "ಬಸ್ ಓಡಿಸುತ್ತಿದ್ದೆನಲ್ಲ, ಏಳನೇ ನಂಬರು,
ಒಂದೊಂದು ಸ್ಟಾಪಿನಲ್ಲಿ ಒಂದೊಂದು ಪದ ಹತ್ತಿಸಿಕೊಂಡೆ.
ಆಸ್ಪತ್ರೆಯಲ್ಲಿ ಸುತ್ತಿಗೆ, ಮಾರುಕಟ್ಟೆಯಲ್ಲಿ ಪ್ಲಮ್,
ಸೇತುವೆ ಹತ್ತಿರ ಕತ್ತೆ;
ಅದಕ್ಕೆ ಟಿಕೆಟ್ ಕೇಳಲಿಲ್ಲ."

ಮದ್ದೋ, ಅವನೋ?
ನನ್ನ ಫಾರಂನಲ್ಲಿ ಬಸ್ಸಿಗೆ ಕಾಲಂ ಇಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ, ಅಳಿಸಿದೆ, ಮತ್ತೆ ಬರೆದೆ.

ಮೇ ತಿಂಗಳಲ್ಲಿ ಗುಟ್ಟು ಒಡೆದರು.
ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.
ಉರ್ಮಸ್‌ನದು ಬರೀ ಪಿಷ್ಟ.

ಫೋನ್ ಮಾಡಿದೆ. ನಕ್ಕ, ಆಮೇಲೆ ಸುಮ್ಮನಾದ.
"ಹನ್ನೆರಡನೆಯದು ಯಾವುದಿತ್ತು?" ಅಂದ.
"ಅದರ ಸೀಟು ಇನ್ನೂ ಖಾಲಿ ಇಟ್ಟಿದ್ದೇನೆ."